ಮಕ್ಕಳ ಕ್ಯಾನ್ಸರ್: ಮದ್ದು ಉಂಟು, ಅರ್ಧದಲ್ಲಿ ಬಿಡಬಾರದು

ಮಹಾರಾಷ್ಟ್ರದ ಇಚಲಕರಂಜಿಗೆ ಹೊಂದಿಕೊಂಡ ಶಹಾಪುರದಲ್ಲಿ ಹಗಲೂ ರಾತ್ರಿ ಪವರ್‌ಲೂಮ್ ಸದ್ದು. ಮರಾಠಿಯ ನಡುವೆ ಕನ್ನಡವೂ ಕಿವಿಗೆ ಬೀಳುವ ಗಡಿ ಪ್ರದೇಶ ಅದು. ಮಗ್ಗದಲ್ಲಿ ದುಡಿಯುವವನಿಗೆ ನೇಯ್ದ ಬಟ್ಟೆಯ ಲೆಕ್ಕದಲ್ಲಿ ಕೂಲಿ. ಒಂದು ಪಾಳಿ ತಪ್ಪಿದರೆ ಆ ದಿನದ ಸಂಪಾದನೆ ಇಲ್ಲ. ಅಂಥ ಮನೆಯ ಐದು ವರ್ಷದ ಮಗುವಿಗೆ ರಕ್ತದ ಕ್ಯಾನ್ಸರ್ ಎಂದು ಗೊತ್ತಾಯಿತು ಎಂದಿಟ್ಟುಕೊಳ್ಳಿ. ಮುಂಬೈ ಸುಮಾರು 400 ಕಿಲೋಮೀಟರ್, ಬೆಂಗಳೂರು 600ಕ್ಕೂ ಹೆಚ್ಚು. ಚಿಕಿತ್ಸೆಯೋ ಎರಡರಿಂದ ಮೂರು ವರ್ಷ. ಕಾಯಿಲೆ ಎಷ್ಟು ದೊಡ್ಡದೋ, ಈ ಲೆಕ್ಕವೂ ಅಷ್ಟೇ ದೊಡ್ಡದು.

ಕರಾವಳಿಯ ಓದುಗರಿಗೆ ಶಹಾಪುರ ದೂರದ ಊರು. ಆದರೆ ಪುತ್ತೂರು, ಬೆಳ್ತಂಗಡಿ, ಮಂಜೇಶ್ವರದ ಮನೆಗಳಲ್ಲೂ ಇದೇ ಲೆಕ್ಕ ನಡೆಯುತ್ತದೆ. ಮಕ್ಕಳ ಕ್ಯಾನ್ಸರ್ ಎಂದರೆ ಮುಗಿಯಿತು ಎಂಬ ಭಾವನೆ ನಮ್ಮಲ್ಲಿ ಇನ್ನೂ ಹೋಗಿಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ ಜಗತ್ತಿನಲ್ಲಿ ಪ್ರತಿವರ್ಷ ಸುಮಾರು 4 ಲಕ್ಷ ಮಕ್ಕಳು ಮತ್ತು ಹದಿಹರೆಯದವರಿಗೆ ಕ್ಯಾನ್ಸರ್ ಬರುತ್ತದೆ. ಶ್ರೀಮಂತ ದೇಶಗಳಲ್ಲಿ ಅವರಲ್ಲಿ ಶೇ. 80ಕ್ಕೂ ಹೆಚ್ಚು ಮಂದಿ ಗುಣವಾಗುತ್ತಾರೆ. ಅನೇಕ ಬಡ ಹಾಗೂ ಮಧ್ಯಮ ಆದಾಯದ ದೇಶಗಳಲ್ಲಿ ಶೇ. 30ಕ್ಕಿಂತಲೂ ಕಡಿಮೆ. ಮುಖ್ಯ ಮದ್ದುಗಳು ಹೆಚ್ಚುಕಡಿಮೆ ಎಲ್ಲೆಡೆ ಅವೇ. ರೋಗ ತಡವಾಗಿ ಗೊತ್ತಾಗುವುದು, ಸೋಂಕಿನಿಂದ ಸಾಯುವುದು ಮತ್ತು ಚಿಕಿತ್ಸೆಯನ್ನು ಅರ್ಧದಲ್ಲೇ ಬಿಟ್ಟು ಹೋಗುವುದು ಈ ಅಂತರಕ್ಕೆ ದೊಡ್ಡ ಕಾರಣಗಳು. ಮೂರನೆಯದು ಆಸ್ಪತ್ರೆಯ ಹೊರಗೆ ಹುಟ್ಟುವ ಸಮಸ್ಯೆ, ಹಾಗಾಗಿ ಅದರ ಪರಿಹಾರದಲ್ಲಿ ಹೊರಗಿನವರಿಗೂ ಪಾಲು ಉಂಟು.

ಯಾವಾಗ ಸಂಶಯ ಪಡಬೇಕು?

ಮಕ್ಕಳಲ್ಲಿ ಅತಿ ಹೆಚ್ಚು ಕಾಣುವ ಕ್ಯಾನ್ಸರ್ ಅಕ್ಯೂಟ್ ಲಿಂಫೋಬ್ಲಾಸ್ಟಿಕ್ ಲ್ಯುಕೇಮಿಯಾ, ವೈದ್ಯರ ಬಾಯಲ್ಲಿ ಎಎಲ್‌ಎಲ್. ಎಲುಬಿನೊಳಗಿನ ಮಜ್ಜೆಯಲ್ಲಿ ಬಲಿಯದ ಬಿಳಿ ರಕ್ತಕಣಗಳು ಲೆಕ್ಕತಪ್ಪಿ ಹೆಚ್ಚಿ ಒಳ್ಳೆಯ ಕಣಗಳಿಗೆ ಜಾಗ ಇಲ್ಲದಂತೆ ಮಾಡುತ್ತವೆ. ಕೆಂಪು ಕಣ ಕಡಿಮೆಯಾದಾಗ ಮಗು ಬಿಳಿಚಿಕೊಂಡು ಸುಸ್ತಾಗುತ್ತದೆ. ಪ್ಲೇಟ್‌ಲೆಟ್ ಇಳಿದಾಗ ಪೆಟ್ಟಾಗದೆಯೇ ಮೈಮೇಲೆ ನೀಲಿ ಕಲೆ, ಒಸಡಿನಲ್ಲಿ ರಕ್ತ. ಸೋಂಕಿನ ವಿರುದ್ಧ ಹೋರಾಡುವ ಕಣ ಇಲ್ಲದಾದಾಗ ಬಿಟ್ಟುಬಿಟ್ಟು ಜ್ವರ. ಕೆಲವು ಮಕ್ಕಳಿಗೆ ಕಾಲುನೋವು ಎಷ್ಟೆಂದರೆ ನಡೆಯುವುದನ್ನೇ ನಿಲ್ಲಿಸುತ್ತಾರೆ. ಎರಡು ವಾರ ಕಳೆದರೂ ಹೋಗದ ಜ್ವರ, ಕುತ್ತಿಗೆಯಲ್ಲಿ ನೋವಿಲ್ಲದೆ ಬೆಳೆಯುವ ಗಂಟು, ಹೊಟ್ಟೆಯಲ್ಲಿ ಕೈಗೆ ಸಿಗುವ ಗಡ್ಡೆ, ಬೆಳಿಗ್ಗೆ ಎದ್ದ ಕೂಡಲೇ ತಲೆನೋವು ಮತ್ತು ವಾಂತಿ ಇವೆಲ್ಲ ಕೇಳಬೇಕಾದ ಪ್ರಶ್ನೆಗಳೇ. ಫ್ಲ್ಯಾಶ್ ಹಾಕಿ ತೆಗೆದ ಫೋಟೋದಲ್ಲಿ ಮಗುವಿನ ಒಂದು ಕಣ್ಣಿನ ಪಾಪೆ ಬಿಳಿಯಾಗಿ ಹೊಳೆದರೆ ರೆಟಿನೊಬ್ಲಾಸ್ಟೊಮಾ ಎಂಬ ಕಣ್ಣಿನ ಕ್ಯಾನ್ಸರ್ ಇರಬಹುದು. ಬೇಗ ಹೋದರೆ ಜೀವವೂ, ಅನೇಕ ಬಾರಿ ಕಣ್ಣೂ ಉಳಿಯುತ್ತದೆ.

ಇವುಗಳಲ್ಲಿ ಹೆಚ್ಚಿನವು ಸಾಧಾರಣ ಕಾಯಿಲೆಗಳಲ್ಲೂ ಇರುವಂಥವೇ. ಹೆದರಿ ಓಡುವ ಅಗತ್ಯ ಇಲ್ಲ, ಒಂದು ರಕ್ತಪರೀಕ್ಷೆ ಮಾಡಿಸಬೇಕು. ಸಿಬಿಸಿ ಮತ್ತು ಅದರ ಜತೆ ಸೂಕ್ಷ್ಮದರ್ಶಕದಲ್ಲಿ ರಕ್ತದ ಲೇಪ ನೋಡುವ ಪರೀಕ್ಷೆ ತಾಲೂಕು ಮಟ್ಟದಲ್ಲೂ ಆಗುತ್ತದೆ. ಅದರಲ್ಲಿ ಸಂಶಯ ಬಂದರೆ ದೊಡ್ಡ ಆಸ್ಪತ್ರೆಯಲ್ಲಿ ಸೊಂಟದ ಎಲುಬಿನಿಂದ ಮಜ್ಜೆ ತೆಗೆದು ಖಚಿತಪಡಿಸುತ್ತಾರೆ.

ಇಲ್ಲೊಂದು ತಪ್ಪು ಮತ್ತೆ ಮತ್ತೆ ಆಗುತ್ತದೆ. ಕಾಲುನೋವು, ಜ್ವರ ಎಂದು ಹೋದ ಮಗುವಿಗೆ ರಕ್ತ ನೋಡದೆ ಸ್ಟಿರಾಯ್ಡ್ ಕೊಡುವುದು. ಸ್ಟಿರಾಯ್ಡ್ ಲ್ಯುಕೇಮಿಯಾದ ಮದ್ದುಗಳಲ್ಲಿ ಒಂದು. ಹಾಗಾಗಿ ಮಗು ನಾಲ್ಕು ದಿನ ಚೆನ್ನಾಗಿ ಕಾಣುತ್ತದೆ, ರೋಗ ಅಡಗಿಕೊಳ್ಳುತ್ತದೆ, ಮುಂದೆ ಮಜ್ಜೆ ಪರೀಕ್ಷೆ ಮಾಡಿದಾಗ ಸರಿಯಾದ ಉತ್ತರ ಸಿಗುವುದೇ ಕಷ್ಟವಾಗುತ್ತದೆ. ಕಾರಣ ತಿಳಿಯದ ಜ್ವರ, ಎಲುಬುನೋವಿಗೆ ಮದ್ದು ಬರೆದಾಗ "ಇದರಲ್ಲಿ ಸ್ಟಿರಾಯ್ಡ್ ಉಂಟಾ?" ಎಂದು ಕೇಳುವುದರಲ್ಲಿ ತಪ್ಪೇನಿಲ್ಲ.

ಎರಡೂವರೆ ವರ್ಷದ ದಾರಿ

ಎಎಲ್‌ಎಲ್‌ಗೆ ಮೊದಲ ಬಾರಿ ಮದ್ದು ಫಲ ಕೊಟ್ಟದ್ದು ಅಮೆರಿಕದ ಬಾಸ್ಟನ್‌ನಲ್ಲಿ. 1948ರಲ್ಲಿ ಡಾ. ಸಿಡ್ನಿ ಫಾರ್ಬರ್ ಪ್ರಕಟಿಸಿದ ವರದಿಯಲ್ಲಿ 16 ಮಕ್ಕಳ ಪೈಕಿ 10 ಮಕ್ಕಳು ತಾತ್ಕಾಲಿಕವಾಗಿ ಚೇತರಿಸಿಕೊಂಡಿದ್ದರು. ಅವರು ಬಳಸಿದ ಅಮಿನೋಪ್ಟೆರಿನ್ ತಯಾರಾದದ್ದು ಆಂಧ್ರದ ಭೀಮಾವರಂನಲ್ಲಿ ಹುಟ್ಟಿದ ಯಲ್ಲಾಪ್ರಗಡ ಸುಬ್ಬರಾವ್ ಅವರ ಮುಂದಾಳುತನದ ಪ್ರಯೋಗಾಲಯದಲ್ಲಿ. ಅದರ ತಮ್ಮನಂತಿರುವ ಮೆಥೊಟ್ರೆಕ್ಸೇಟ್ ಇಂದಿಗೂ ಈ ಚಿಕಿತ್ಸೆಯ ಬೆನ್ನೆಲುಬು. ಇನ್ನೊಂದು ಮುಖ್ಯ ಮದ್ದು ವಿನ್‌ಕ್ರಿಸ್ಟಿನ್ ಬಂದದ್ದು ನಮ್ಮ ಅಂಗಳದ ನಿತ್ಯಪುಷ್ಪದಿಂದ, ಮರಾಠಿಯವರ ಸದಾಫುಲಿಯಿಂದ. ಇದನ್ನು ಕೇಳಿ ಎಲೆಯ ಕಷಾಯ ಕುಡಿಸುವವರಿದ್ದಾರೆ. ಅಪಾಯ. ಆ ಗಿಡದಲ್ಲಿ ವಿಷವೂ ಇದೆ, ಮದ್ದಿನ ಅಂಶವಂತೂ ಅತ್ಯಲ್ಪ. ವಿನ್‌ಕ್ರಿಸ್ಟಿನನ್ನು ಅಳತೆ ಮಾಡಿ ರಕ್ತನಾಳಕ್ಕೇ ಕೊಡಬೇಕು.

ಭಾರತದಲ್ಲಿ 1980ರ ದಶಕದ ಮಧ್ಯದಿಂದ ಮುಂಬೈನ ಟಾಟಾ ಮೆಮೋರಿಯಲ್, ಚೆನ್ನೈನ ಅಡ್ಯಾರ್ ಕ್ಯಾನ್ಸರ್ ಇನ್‌ಸ್ಟಿಟ್ಯೂಟ್ ಮತ್ತು ದಿಲ್ಲಿಯ ಏಮ್ಸ್ ಒಂದೇ ಚಿಕಿತ್ಸಾಕ್ರಮವನ್ನು ಅನುಸರಿಸಿದವು. ಎಂಸಿಪಿ 841 ಎಂದು ಅದರ ಹೆಸರು. ಅದಕ್ಕೆ ಮೊದಲು ಐವರಲ್ಲಿ ಒಬ್ಬರು ಉಳಿದರೆ ಹೆಚ್ಚು ಎಂಬ ಸ್ಥಿತಿ ಇತ್ತು. ಆ ಬಳಿಕ ಅರ್ಧದ ಆಸುಪಾಸಿಗೆ ಬಂತು. ಈಗ ಒಳ್ಳೆಯ ಕೇಂದ್ರಗಳಲ್ಲಿ ಅದಕ್ಕಿಂತಲೂ ಉತ್ತಮ ಫಲಿತಾಂಶ ಬರುತ್ತಿದೆ.

ಚಿಕಿತ್ಸೆಯ ಮೊದಲ ಹಂತ ಸುಮಾರು ನಾಲ್ಕೈದು ವಾರ. ಆಗ ಮಗು ಆಸ್ಪತ್ರೆಯಲ್ಲಿ ಅಥವಾ ಅದರ ಪಕ್ಕದಲ್ಲೇ ಇರಬೇಕು. ಹೆಚ್ಚಿನ ಮಕ್ಕಳಲ್ಲಿ ಈ ಹಂತದ ಕೊನೆಗೆ ಕ್ಯಾನ್ಸರ್ ಕಣ ಕಣ್ಣಿಗೆ ಕಾಣದಷ್ಟು ಕಡಿಮೆಯಾಗುತ್ತದೆ. ಮುಂದಿನ ಆರೇಳು ತಿಂಗಳು ಬಲವಾದ ಕೀಮೋ, ನಡುನಡುವೆ ಬೆನ್ನಿನಲ್ಲಿ ಸೂಜಿ ಹಾಕಿ ಬೆನ್ನುಹುರಿಯ ಸುತ್ತಲಿನ ದ್ರವಕ್ಕೆ ಮದ್ದು. ಬೆನ್ನಿಗೆ ಸೂಜಿ ಎಂದ ಕೂಡಲೇ ಅಜ್ಜ-ಅಜ್ಜಿಯಂದಿರು ಕಾಲು ಹೋಗುತ್ತದೆ ಎಂದು ತಡೆಯುವುದುಂಟು. ರೋಗ ಮಿದುಳಿನಲ್ಲಿ ಅಡಗದಿರಲು ಅದು ಬೇಕೇ ಬೇಕು. ಅನುಭವಿಗಳ ಕೈಯಲ್ಲಿ ಅದರಿಂದ ಕಾಲು ಹೋಗುವ ಭಯ ಪಡಬೇಕಾಗಿಲ್ಲ.

ಆಮೇಲೆ ಬರುವುದು ಮೇಂಟೆನೆನ್ಸ್, ಒಂದೂವರೆಯಿಂದ ಎರಡು ವರ್ಷ. ಪ್ರತಿದಿನ ಮರ್ಕಾಪ್ಟೊಪ್ಯೂರಿನ್ ಮಾತ್ರೆ, ವಾರಕ್ಕೊಮ್ಮೆ ಮೆಥೊಟ್ರೆಕ್ಸೇಟ್, ನಿಗದಿತ ದಿನಕ್ಕೆ ರಕ್ತಪರೀಕ್ಷೆ. ಮಗು ಶಾಲೆಗೆ ಹೋಗುತ್ತದೆ, ತಲೆಯಲ್ಲಿ ಮತ್ತೆ ಕೂದಲು ಬಂದಿರುತ್ತದೆ. ಎಡವುವುದು ಇಲ್ಲೇ. ಇಚಲಕರಂಜಿಯ ತಾಯಿ "ಹುಡುಗ ಈಗ ಚಲೋ ಅದಾನಲ್ರಿ, ಇನ್ನ್ಯಾಕ ಗುಳಿಗಿ?" ಎನ್ನುತ್ತಾಳೆ. ಬಂಟ್ವಾಳದ ತಂದೆ "ಮಗು ಆಡ್ತಾ ಉಂಟಲ್ಲ ಡಾಕ್ಟ್ರೇ, ಮತ್ತೆ ಯಾಕೆ ಮದ್ದು?" ಎನ್ನುತ್ತಾನೆ. ಇಬ್ಬರ ಪ್ರಶ್ನೆಯೂ ನ್ಯಾಯವೇ. ಉತ್ತರ ಇಷ್ಟು: ರಕ್ತಪರೀಕ್ಷೆಯಲ್ಲಿ ಕಾಣದಷ್ಟು ಕಡಿಮೆ ಆದ ಮೇಲೂ ಕ್ಯಾನ್ಸರ್ ಕಣಗಳು ಉಳಿದಿರಬಹುದು, ನಿಧಾನವಾಗಿ ಅವನ್ನು ಮುಗಿಸುವುದೇ ಈ ಹಂತದ ಕೆಲಸ. ಅಮೆರಿಕದಲ್ಲಿ ನಡೆದ ಅಧ್ಯಯನವೊಂದರಲ್ಲಿ ದಿನದ ಮಾತ್ರೆಯಲ್ಲಿ ಶೇ. 95ಕ್ಕಿಂತ ಕಡಿಮೆ ತೆಗೆದುಕೊಂಡ ಮಕ್ಕಳಲ್ಲಿ ರೋಗ ಮರುಕಳಿಸುವ ಅಪಾಯ ಎರಡೂವರೆ ಪಟ್ಟು ಹೆಚ್ಚು ಕಂಡುಬಂತು. ತಿಂಗಳಿಗೆ ಎರಡು ದಿನ ಮರೆತರೂ ಶೇ. 95ರ ಕೆಳಗೆ ಬಂದಂತೆ. ಮರುಕಳಿಸಿದ ಲ್ಯುಕೇಮಿಯಾಕ್ಕೆ ಮತ್ತೆ ಚಿಕಿತ್ಸೆ ಇಲ್ಲವೆಂದಲ್ಲ. ಆದರೆ ಅದು ಹೆಚ್ಚು ಕಠಿಣ, ಹೆಚ್ಚು ದುಬಾರಿ, ಗುಣವಾಗುವ ಸಾಧ್ಯತೆಯೂ ಕಡಿಮೆ.

ಬಿಟ್ಟು ಹೋಗುವುದು ಯಾಕೆ?

ನಿಗದಿಯಾದ ಚಿಕಿತ್ಸೆಗೆ ನಾಲ್ಕು ವಾರ ಸತತವಾಗಿ ಬಾರದಿದ್ದರೆ ವೈದ್ಯಕೀಯ ಭಾಷೆಯಲ್ಲಿ ಅದನ್ನು ಚಿಕಿತ್ಸೆ ತೊರೆದದ್ದು ಎಂದು ಲೆಕ್ಕ ಹಾಕುತ್ತಾರೆ. ಟಾಟಾ ಮೆಮೋರಿಯಲ್ ಆಸ್ಪತ್ರೆಯ ಮಕ್ಕಳ ವಿಭಾಗದಲ್ಲಿ 2009ರ ಸುಮಾರಿಗೆ ಐದು ಮಕ್ಕಳಲ್ಲಿ ಒಬ್ಬರಷ್ಟು ಚಿಕಿತ್ಸೆ ನಿರಾಕರಿಸುತ್ತಿದ್ದರು ಅಥವಾ ನಡುವೆ ಬಿಡುತ್ತಿದ್ದರು. ಅಲ್ಲಿ ಇಂಪ್ಯಾಕ್ಟ್ ಎಂಬ ವ್ಯವಸ್ಥೆ ಕಟ್ಟಲಾಯಿತು. ಪ್ರತಿ ಕುಟುಂಬಕ್ಕೆ ಸಮಾಜ ಕಾರ್ಯಕರ್ತರ ನೆರವು, ಹಣದ ಹೊಂದಾಣಿಕೆ, ಉಳಿಯಲು ಜಾಗ, ಊಟ, ಮಗುವಿಗೆ ಪಾಠ, ಬಾರದವರಿಗೆ ಫೋನ್. ಕೆಲವೇ ವರ್ಷಗಳಲ್ಲಿ ಆ ಪ್ರಮಾಣ ಶೇ. 5ರ ಆಸುಪಾಸಿಗೆ ಇಳಿಯಿತು. ಮದ್ದು ಕಂಡುಹಿಡಿಯುವಷ್ಟೇ ದೊಡ್ಡ ಸಾಧನೆ ಇದು, ಸುದ್ದಿಯಾದದ್ದು ಮಾತ್ರ ಕಡಿಮೆ.

ಮದ್ದಿನ ಬಿಲ್ಲು ಒಂದೇ ಕುಟುಂಬವನ್ನು ಹಿಂದಕ್ಕೆ ಎಳೆಯುವುದಲ್ಲ. ತಾಯಿ ಮಗುವಿನ ಜತೆ ಮುಂಬೈನಲ್ಲಿ, ತಂದೆ ಮಗ್ಗದ ಮುಂದೆ, ಉಳಿದ ಮಕ್ಕಳು ನೆಂಟರ ಮನೆಯಲ್ಲಿ. ಮೂರು ಕಡೆ ಒಲೆ ಉರಿಯಬೇಕು. ಪರೇಲ್‌ನ ಫುಟ್‌ಪಾತ್‌ನಲ್ಲಿ ಮಲಗುವ ಕುಟುಂಬಗಳ ಚಿತ್ರ ಎಷ್ಟೋ ಬಾರಿ ಪತ್ರಿಕೆಗಳಲ್ಲಿ ಬಂದಿದೆ. ಕೀಮೋ ಆದ ಮಗುವಿಗೆ ಧೂಳು, ಕೊಳೆ ನೀರು, ಬೀದಿಬದಿಯ ಊಟ ವಿಷಕ್ಕೆ ಸಮ. 2006ರಲ್ಲಿ ಮುಂಬೈನಲ್ಲಿ ಆರಂಭವಾದ ಸೇಂಟ್ ಜೂಡ್ ಇಂಡಿಯಾ ಚೈಲ್ಡ್‌ಕೇರ್ ಸೆಂಟರ್ಸ್ ಈ ಒಂದು ಗಾಯಕ್ಕೇ ಮುಲಾಮು ಹಚ್ಚಿತು. ಕುಟುಂಬಕ್ಕೆ ಇರಲು ಚೊಕ್ಕಟ ಜಾಗ, ತಾಯಿಯೇ ಅಡುಗೆ ಮಾಡಲು ಒಲೆ, ದಿನಸಿ, ಆಸ್ಪತ್ರೆಗೆ ಹೋಗಿಬರಲು ವಾಹನ, ಎಲ್ಲ ಉಚಿತ. ಅಲ್ಲಿಗೆ ನೇರವಾಗಿ ಹೋಗಿ ಸೇರಲಾಗದು, ಆಸ್ಪತ್ರೆಯ ಶಿಫಾರಸು ಬೇಕು. ಪರೇಲ್‌ನ ನಾನಾ ಪಾಲ್ಕರ್ ಸ್ಮೃತಿ ಸಮಿತಿ, ದಾದರ್‌ನ ಸಂತ ಗಾಡ್ಗೆ ಮಹಾರಾಜ್ ಧರ್ಮಶಾಲೆ ದಶಕಗಳಿಂದ ರೋಗಿಗಳ ಮನೆಯವರಿಗೆ ಆಸರೆ. ಕಡಲ್ಸ್ ಫೌಂಡೇಶನ್ 2013ರಿಂದ ಕ್ಯಾನ್ಸರ್ ಇರುವ ಮಕ್ಕಳ ಆಹಾರವನ್ನೇ ನೋಡಿಕೊಳ್ಳುತ್ತಿದೆ. ತೂಕ ಇಳಿದ ಮಗುವಿಗೆ ಕೀಮೋ ತಡೆದುಕೊಳ್ಳುವುದು ಕಷ್ಟ.

ದೂರ ಹೆಚ್ಚಾದಷ್ಟೂ ಹೆಣ್ಣುಮಕ್ಕಳು ಆಸ್ಪತ್ರೆಯಲ್ಲಿ ಕಡಿಮೆ ಕಾಣುತ್ತಾರೆ ಎಂಬುದು ಭಾರತದ ದೊಡ್ಡ ಆಸ್ಪತ್ರೆಗಳ ದಾಖಲೆ ನೋಡಿದ ಅಧ್ಯಯನಗಳಲ್ಲಿ ಕಂಡುಬಂದಿದೆ. ಹುಡುಗನಾದರೆ ಸಾಲ ಮಾಡಿಯಾದರೂ ಮುಂಬೈಗೆ, ಹುಡುಗಿಯಾದರೆ ಊರಲ್ಲೇ ನೋಡೋಣ. ಇದನ್ನು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ, ಆದರೆ ರಿಜಿಸ್ಟರ್ ಹೇಳುತ್ತದೆ.

ಎಲ್ಲಿಗೆ ಹೋಗುವುದು?

ಶಹಾಪುರದವರಿಗೆ ಹತ್ತಿರದ್ದು ಇಚಲಕರಂಜಿಯ ಸರ್ಕಾರಿ ಐಜಿಎಂ ಆಸ್ಪತ್ರೆ, ಬಳಿಕ ಕೊಲ್ಹಾಪುರದ ಸಿಪಿಆರ್. ಮೀರಜ್‌ನಲ್ಲಿ ಸಿದ್ಧಿವಿನಾಯಕ ಗಣಪತಿ ಕ್ಯಾನ್ಸರ್ ಆಸ್ಪತ್ರೆ, ಕೊಲ್ಹಾಪುರದ ಗೋಕುಳ ಶಿರಗಾಂವ್‌ನಲ್ಲಿ ಕೊಲ್ಹಾಪುರ ಕ್ಯಾನ್ಸರ್ ಸೆಂಟರ್ ಇವೆ. ಗಡಹಿಂಗ್ಲಜ್ ಕಡೆಯವರಿಗೆ ಸಂಕೇಶ್ವರ ದಾಟಿದರೆ ಬೆಳಗಾವಿಯೇ ಹತ್ತಿರ. ಅಲ್ಲಿ ಕೆಎಲ್‌ಇ ಸಂಸ್ಥೆಯ ಕ್ಯಾನ್ಸರ್ ಆಸ್ಪತ್ರೆ 2025ರ ಜನವರಿಯಲ್ಲಿ ಉದ್ಘಾಟನೆಯಾಗಿದೆ. ಯಾವ ಆಸ್ಪತ್ರೆಯಾದರೂ ಮೊದಲು ಕೇಳಬೇಕಾದದ್ದು, ಮಕ್ಕಳ ಕ್ಯಾನ್ಸರನ್ನೇ ನೋಡುವ ವೈದ್ಯರು ಇದ್ದಾರೆಯೇ, ರಾತ್ರಿ ಜ್ವರ ಬಂದರೆ ಯಾರು ನೋಡುತ್ತಾರೆ, ಪ್ಲೇಟ್‌ಲೆಟ್ ಎಲ್ಲಿ ಸಿಗುತ್ತದೆ ಎಂದು. ದೊಡ್ಡವರ ಕ್ಯಾನ್ಸರ್ ನೋಡುವಲ್ಲಿ ಮಕ್ಕಳದ್ದೂ ಆಗುತ್ತದೆ ಎಂದುಕೊಳ್ಳಬಾರದು.

ಎಲ್ಲರೂ ಮುಂಬೈಗೇ ಹೋಗಿ ಎರಡೂವರೆ ವರ್ಷ ಕೂರಬೇಕಾಗಿಲ್ಲ ಎಂಬುದು ಮುಖ್ಯ. ರೋಗ ಖಚಿತಪಡಿಸಿ ಚಿಕಿತ್ಸೆಯ ಯೋಜನೆ ಹಾಕುವುದು ದೊಡ್ಡ ಕೇಂದ್ರದಲ್ಲಿ, ಮೇಂಟೆನೆನ್ಸ್ ಹಂತದ ರಕ್ತಪರೀಕ್ಷೆ, ಜ್ವರಕ್ಕೆ ತುರ್ತು ಮದ್ದು ಊರಿನ ಹತ್ತಿರದ ಮಕ್ಕಳ ವೈದ್ಯರಲ್ಲಿ, ಹೀಗೆ ಹಂಚಿಕೊಂಡು ಮಾಡುವ ಕ್ರಮ ಬೆಳೆಯುತ್ತಿದೆ. ಅದಕ್ಕೆ ದೊಡ್ಡ ಆಸ್ಪತ್ರೆಯಿಂದ ಒಂದು ಪತ್ರ ಬರೆಸಿಕೊಂಡು ಊರಿನ ವೈದ್ಯರ ಕೈಗೆ ಮೊದಲೇ ಕೊಟ್ಟಿರಬೇಕು. ಜ್ವರ ಬಂದ ಮೇಲೆ ಅಲ್ಲ.

ಕರ್ನಾಟಕದಲ್ಲಿ ಬಡವರ ಮೊದಲ ವಿಳಾಸ ಬೆಂಗಳೂರಿನ ಕಿದ್ವಾಯಿ. ಸ್ವಾತಂತ್ರ್ಯ ಹೋರಾಟಗಾರ, ಕೇಂದ್ರ ಸಚಿವರಾಗಿದ್ದ ಉತ್ತರ ಪ್ರದೇಶದ ರಫಿ ಅಹ್ಮದ್ ಕಿದ್ವಾಯಿ ಅವರ ನೆನಪಿಗಾಗಿ 1973ರಲ್ಲಿ ಆರಂಭವಾದ ಈ ಸಂಸ್ಥೆ 1980ರಲ್ಲಿ ಸ್ವಾಯತ್ತವಾಯಿತು. ಮಕ್ಕಳಿಗೆ ಪ್ರತ್ಯೇಕ ವಿಭಾಗ ಇದೆ, ಆವರಣದಲ್ಲಿ ಇನ್ಫೋಸಿಸ್ ಪ್ರತಿಷ್ಠಾನ ಕಟ್ಟಿಸಿದ ಧರ್ಮಶಾಲೆ ಇದೆ. ಮೀರಜ್ ಕಡೆಯಿಂದ ರಾಣಿ ಚೆನ್ನಮ್ಮ ಎಕ್ಸ್‌ಪ್ರೆಸ್ ಹಿಡಿದರೆ ಬೆಂಗಳೂರು. ಕರಾವಳಿಯವರಿಗೆ ಮಂಗಳೂರಿನ ಕೆಎಂಸಿ, ದೇರಳಕಟ್ಟೆಯ ಝುಲೇಖಾ ಯೆನೆಪೊಯ ಕ್ಯಾನ್ಸರ್ ಸಂಸ್ಥೆ, ಮಣಿಪಾಲದ ಆಸ್ಪತ್ರೆ ಹತ್ತಿರದಲ್ಲಿವೆ. ಕಾಸರಗೋಡಿನವರು ತಲಶ್ಶೇರಿಯ ಮಲಬಾರ್ ಕ್ಯಾನ್ಸರ್ ಸೆಂಟರ್‌ಗೂ ಹೋಗುತ್ತಾರೆ. ಈ ವಿಷಯದಲ್ಲಿ ಕರಾವಳಿ ಪುಣ್ಯವಂತ ಪ್ರದೇಶ.

ಕಾರ್ಡು, ಪತ್ರ, ಟಿಕೆಟ್

ಗಡಿಯಲ್ಲಿ ಇರುವವರ ತಲೆನೋವು ಕಾರ್ಡಿನದ್ದು. ಮಹಾರಾಷ್ಟ್ರದ ರೇಷನ್ ಕಾರ್ಡ್ ಇದ್ದವರಿಗೆ ಮಹಾತ್ಮಾ ಜ್ಯೋತಿರಾವ್ ಫುಲೆ ಜನ ಆರೋಗ್ಯ ಯೋಜನೆ. 2023ರ ತೀರ್ಮಾನದಂತೆ ಅದರ ಮಿತಿಯನ್ನು ಕುಟುಂಬಕ್ಕೆ ವರ್ಷಕ್ಕೆ ಒಂದೂವರೆ ಲಕ್ಷದಿಂದ 5 ಲಕ್ಷ ರೂಪಾಯಿಗೆ ಏರಿಸಲಾಗಿದೆ. ಕರ್ನಾಟಕದಲ್ಲಿ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ: ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದ ತನಕ, ಎಪಿಎಲ್‌ನವರಿಗೆ ಪ್ಯಾಕೇಜ್ ದರದ ಶೇ. 30, ವರ್ಷಕ್ಕೆ ಒಂದೂವರೆ ಲಕ್ಷದ ಮಿತಿಯಲ್ಲಿ. ಖಾಸಗಿ ಆಸ್ಪತ್ರೆಗೆ ಹೋಗುವ ಮೊದಲು ಸರ್ಕಾರಿ ಆಸ್ಪತ್ರೆಯ ರೆಫರಲ್ ಪತ್ರ ತೆಗೆದುಕೊಳ್ಳಲು ಮರೆಯಬಾರದು. ಕೇಂದ್ರದ ಆಯುಷ್ಮಾನ್ ಪಟ್ಟಿಯಲ್ಲಿ ಹೆಸರು ಇರುವವರು ಬೇರೆ ರಾಜ್ಯದ ನೋಂದಾಯಿತ ಆಸ್ಪತ್ರೆಯಲ್ಲೂ ಸೌಲಭ್ಯ ಪಡೆಯಬಹುದು. ರಾಜ್ಯದ ಯೋಜನೆಯಲ್ಲಿ ಮಾತ್ರ ಇರುವವರಿಗೆ ಗಡಿ ದಾಟಿದ ಮೇಲೆ ಅದೇ ಕಾರ್ಡ್ ನಡೆಯುತ್ತದೆ ಎಂದು ನಂಬಿ ಹೋಗುವುದು ಸರಿಯಲ್ಲ. ಹೊರಡುವ ಮೊದಲೇ ವಿಚಾರಿಸಬೇಕು. 2023ರಲ್ಲಿ ಮಹಾರಾಷ್ಟ್ರ ತನ್ನ ಯೋಜನೆಯನ್ನು ಕರ್ನಾಟಕದೊಳಗಿನ 865 ಹಳ್ಳಿಗಳಿಗೂ ವಿಸ್ತರಿಸುವುದಾಗಿ ಹೇಳಿದಾಗ ಎರಡು ಸರ್ಕಾರಗಳ ನಡುವೆ ಜಟಾಪಟಿಯೇ ನಡೆಯಿತು. ಕಾಯಿಲೆ ಬಿದ್ದ ಮಗುವಿನ ಮನೆಯವರಿಗೆ ಗಡಿ ವಿವಾದ ಬೇಡ, ಕೌಂಟರ್‌ನಲ್ಲಿ ಒಪ್ಪುವ ಕಾರ್ಡ್ ಬೇಕು.

ರೈಲಿನಲ್ಲಿ ಚಿಕಿತ್ಸೆಗೆ ಹೋಗುವ ಕ್ಯಾನ್ಸರ್ ರೋಗಿಗೆ ಸ್ಲೀಪರ್ ಮತ್ತು ಥರ್ಡ್ ಎಸಿಯಲ್ಲಿ ಪೂರ್ತಿ ರಿಯಾಯಿತಿ, ಜತೆಗೆ ಹೋಗುವ ಒಬ್ಬರಿಗೆ ಶೇ. 75 ರಿಯಾಯಿತಿ ಇದೆ. ಆಸ್ಪತ್ರೆಯ ವೈದ್ಯರು ಸಹಿ ಹಾಕಿದ ರೈಲ್ವೆ ಫಾರಂ ಬೇಕು. ತಿಂಗಳಿಗೊಮ್ಮೆ ಹೋಗಿಬರುವ ಮನೆಗೆ ಇದು ಸಣ್ಣ ಮೊತ್ತವಲ್ಲ. ಎಷ್ಟೋ ಮಂದಿಗೆ ಇದು ಗೊತ್ತಾಗುವುದೇ ಚಿಕಿತ್ಸೆ ಅರ್ಧ ಮುಗಿದ ಮೇಲೆ. ಪ್ರಧಾನಿ ಮತ್ತು ಮುಖ್ಯಮಂತ್ರಿ ಪರಿಹಾರ ನಿಧಿಗೂ ಅರ್ಜಿ ಹಾಕಬಹುದು. ಆಸ್ಪತ್ರೆಯ ಅಂದಾಜು ವೆಚ್ಚದ ಪತ್ರ, ಆದಾಯ ಪ್ರಮಾಣಪತ್ರ ಜತೆಗಿರಬೇಕು.

ಊರಿನ ಯುವಕರು ಏನು ಮಾಡಬಹುದು?

ಕರಾವಳಿಯಲ್ಲಿ ರಕ್ತ ಕೊಡುವ ಹುಡುಗರಿಗೆ ಬರ ಇಲ್ಲ. ವಾಟ್ಸ್ಆ್ಯಪ್‌ನಲ್ಲಿ ಸಂದೇಶ ಬಂದರೆ ಗಂಟೆಯೊಳಗೆ ಹತ್ತು ಮಂದಿ ತಯಾರು. ಆದರೆ ಕೀಮೋ ಪಡೆಯುವ ಮಗುವಿಗೆ ಹೆಚ್ಚು ಬೇಕಾಗುವುದು ಪ್ಲೇಟ್‌ಲೆಟ್. ಅದನ್ನು ಐದು ದಿನಕ್ಕಿಂತ ಹೆಚ್ಚು ಇಡಲಾಗದು, ಹಾಗಾಗಿ ಒಮ್ಮೆ ದೊಡ್ಡ ಶಿಬಿರ ಮಾಡಿ ತಿಂಗಳಿಗಾಗುವಷ್ಟು ಕೂಡಿಡಲು ಆಗುವುದಿಲ್ಲ. ಯಂತ್ರದ ಮೂಲಕ ಒಬ್ಬರಿಂದಲೇ ಪ್ಲೇಟ್‌ಲೆಟ್ ತೆಗೆಯಲು ಒಂದರಿಂದ ಎರಡು ಗಂಟೆ ಬೇಕು, ಉಳಿದ ರಕ್ತ ದಾನಿಯ ಮೈಗೇ ವಾಪಸ್. ದಾನಿಯ ತೂಕ 50 ಕಿಲೋಗಿಂತ ಹೆಚ್ಚಿರಬೇಕು, ಹಿಂದಿನ ಮೂರು ದಿನ ಆಸ್ಪಿರಿನ್ ತೆಗೆದುಕೊಂಡಿರಬಾರದು. ಸಾಧಾರಣ ರಕ್ತದಾನಕ್ಕೆ ಗಂಡಸರಿಗೆ 90 ದಿನ, ಹೆಂಗಸರಿಗೆ 120 ದಿನ ಅಂತರ ಬೇಕು. ಪ್ಲೇಟ್‌ಲೆಟ್‌ಗೆ ಅಷ್ಟು ಕಾಯಬೇಕಾಗಿಲ್ಲ. ಮುಂದೆ ಮಜ್ಜೆ ಕಸಿ ಬೇಕಾಗಬಹುದಾದ ಮಗುವಿಗೆ ಅಪ್ಪ, ಅಮ್ಮ, ಒಡಹುಟ್ಟಿದವರ ರಕ್ತ ಕೊಡದಿರುವುದು ಒಳ್ಳೆಯದು. ಹಾಗಾಗಿಯೇ ಹೊರಗಿನ ದಾನಿಗಳ ಬೆಲೆ ಇಲ್ಲಿ ಹೆಚ್ಚು.

ಹಣದ ನೆರವಿನಲ್ಲೂ ಒಂದು ತಿದ್ದುಪಡಿ ಬೇಕು. ಮಗುವಿನ ಫೋಟೋ ಹಾಕಿದ ಮೊದಲ ವಾರ ಲಕ್ಷಗಟ್ಟಲೆ ಬರುತ್ತದೆ, ರಮಝಾನಿನಲ್ಲಿ ಝಕಾತ್ ಬರುತ್ತದೆ. ಹದಿನೆಂಟನೇ ತಿಂಗಳ ಬಸ್ ಚಾರ್ಜಿಗೆ ಯಾರೂ ಇರುವುದಿಲ್ಲ. ಚಿಕಿತ್ಸೆ ತಪ್ಪುವುದೂ ಆ ಹೊತ್ತಿಗೇ. ಒಂದು ಜಮಾಅತ್ ಅಥವಾ ಯುವಕರ ಸಂಘ ಒಂದು ಮಗುವಿನ ಹೊಣೆ ಹೊತ್ತು, ಎರಡೂವರೆ ವರ್ಷ ತಿಂಗಳಿಗೆ ಮೂರೋ ನಾಲ್ಕೋ ಸಾವಿರದಂತೆ ಕೊಟ್ಟರೆ ಅದರ ಫಲ ಒಮ್ಮೆಗೇ ಕೊಟ್ಟ ಲಕ್ಷಕ್ಕಿಂತ ಹೆಚ್ಚು. ಜತೆಗೆ ಅಪಾಯಿಂಟ್‌ಮೆಂಟ್ ದಿನ ನೆನಪಿಸಲು ಒಂದು ಫೋನ್. ಆ ಫೋಟೋದ ವಿಷಯವೂ ಉಂಟು. ತಲೆ ಬೋಳಾದ ಮಗುವಿನ ಚಿತ್ರ ಹತ್ತು ವರ್ಷದ ಬಳಿಕವೂ ಗುಂಪುಗಳಲ್ಲಿ ಓಡಾಡುತ್ತಿರುತ್ತದೆ, ಆಗ ಅದೇ ಮಗು ಕಾಲೇಜಿನಲ್ಲಿರುತ್ತದೆ.

ಜ್ವರ ಬಂದರೆ ಕಾಯಬಾರದು

ಕೀಮೋ ನಡೆಯುತ್ತಿರುವ ಮಗುವಿಗೆ 38 ಡಿಗ್ರಿ ಸೆಲ್ಸಿಯಸ್, ಅಂದರೆ ಸುಮಾರು 100.4 ಫ್ಯಾರನ್‌ಹೀಟ್ ಜ್ವರ ಬಂದರೆ ಅದು ತುರ್ತು. ಪ್ಯಾರಸಿಟಮಾಲ್ ಕೊಟ್ಟು ಬೆಳಗಾಗಲಿ ಎಂದು ಕಾಯುವಂತಿಲ್ಲ. ಬಿಳಿ ಕಣ ಇಲ್ಲದ ಮೈಯಲ್ಲಿ ಸೋಂಕು ಗಂಟೆಗಳಲ್ಲಿ ಹರಡುತ್ತದೆ. ಹತ್ತಿರದ ಆಸ್ಪತ್ರೆಗೆ ಹೋಗಿ "ಕೀಮೋ ಆಗುತ್ತಿರುವ ಮಗು" ಎಂದು ಮೊದಲ ಮಾತಿನಲ್ಲೇ ಹೇಳಿ, ರಕ್ತನಾಳಕ್ಕೆ ಆ್ಯಂಟಿಬಯೋಟಿಕ್ ಶುರು ಮಾಡಿಸಬೇಕು. ಮುಂಬೈಗೋ ಬೆಂಗಳೂರಿಗೋ ಹೊರಡುವ ಮಾತು ಆಮೇಲೆ. ಪ್ಲೇಟ್‌ಲೆಟ್ ಕಡಿಮೆ ಇರುವಾಗ ಸೊಂಟಕ್ಕೆ ಚುಚ್ಚುಮದ್ದು ಬೇಡ.

ಮನೆಯಲ್ಲಿ ಕುದಿಸಿ ಆರಿಸಿದ ನೀರು, ಆಗಷ್ಟೇ ಮಾಡಿದ ಊಟ, ಬೇಯಿಸಿದ ಮೊಟ್ಟೆ, ಸಿಪ್ಪೆ ಸುಲಿದು ತಿನ್ನುವ ಹಣ್ಣು. ಮೀನು, ಮಾಂಸ ಚೆನ್ನಾಗಿ ಬೆಂದಿದ್ದರೆ ಅಡ್ಡಿಯಿಲ್ಲ. ಪಥ್ಯದ ಹೆಸರಿನಲ್ಲಿ ಬರೀ ಗಂಜಿ ಕೊಟ್ಟು ಸೊರಗಿಸಬಾರದು. ಮನೆಯಲ್ಲೋ ಶಾಲೆಯಲ್ಲೋ ಯಾರಿಗಾದರೂ ಕೋಟಲೆ, ದಡಾರ ಬಂದರೆ ಅದೇ ದಿನ ವೈದ್ಯರಿಗೆ ಹೇಳಬೇಕು. ಗರ್ಭಿಣಿಯರು ಕೀಮೋ ಮಾತ್ರೆಯನ್ನು ಬರಿಗೈಯಲ್ಲಿ ಮುಟ್ಟಬಾರದು. ಇನ್ನು, ಕ್ಯಾನ್ಸರ್ ಒಬ್ಬರಿಂದ ಒಬ್ಬರಿಗೆ ಹರಡುವುದಿಲ್ಲ. ಪಕ್ಕದ ಮನೆಯ ಮಕ್ಕಳನ್ನು ದೂರ ಇಡುವುದು ಸೋಂಕು ಮಗುವಿಗೆ ತಗಲದಿರಲಿ ಎಂದು ಮಾತ್ರ.

ಚಿಕಿತ್ಸೆ ಮುಗಿದ ಮೇಲೂ ಫೈಲು ಬಿಸಾಡಬಾರದು. ಟಾಟಾ ಮೆಮೋರಿಯಲ್‌ನಲ್ಲಿ ಗುಣವಾದ ಮಕ್ಕಳಿಗಾಗಿಯೇ 1991ರಿಂದ ಒಂದು ಕ್ಲಿನಿಕ್ ನಡೆಯುತ್ತಿದೆ. ಕೆಲವು ಕೀಮೋ ಮದ್ದು ವರ್ಷಗಳ ಬಳಿಕ ಹೃದಯವನ್ನು ದುರ್ಬಲ ಮಾಡಬಹುದು, ಕೆಲವು ಬೆಳವಣಿಗೆಯನ್ನು ತಡೆಯಬಹುದು. ಯಾವ ಮದ್ದು ಎಷ್ಟು ಕೊಟ್ಟಿದ್ದಾರೆ ಎಂಬ ಒಂದು ಪುಟದ ಸಾರಾಂಶವನ್ನು ಆಸ್ಪತ್ರೆಯಿಂದ ಬರೆಸಿ, ಒಂದು ಪ್ರತಿ ಮನೆಯಲ್ಲಿ, ಒಂದು ಪ್ರತಿ ಮೊಬೈಲಿನಲ್ಲಿ ಇಟ್ಟುಕೊಂಡರೆ ಇಪ್ಪತ್ತು ವರ್ಷದ ಬಳಿಕ ಬೇರೆ ಊರಿನ ವೈದ್ಯರಿಗೂ ಉಪಯೋಗಕ್ಕೆ ಬರುತ್ತದೆ.